ರವೆ ಕಾಳಿನಷ್ಟು ಚುಕ್ಕೆ

"ಅಪ್ಪಾ, ಮೀನಿನ ಮೈಗೆ ರವೆ ಅಂಟ್ಕೊಂಡಿದೆ!"

ವಿಜಯನಗರದ ನಮ್ಮ ಮನೆಯಲ್ಲಿ ಡಿಸೆಂಬರಿನ ಒಂದು ಬೆಳಿಗ್ಗೆ ಮಗಳು ಹೀಗೆ ಕೂಗಿದಳು. ಹಾಲಿನ ಮೂಲೆಯ ಗಾಜಿನ ತೊಟ್ಟಿಯಲ್ಲಿ 11 ಮೀನುಗಳಿದ್ದವು, ಎಲ್ಲ ಮೋಲಿ ಮತ್ತು ಪ್ಲಾಟಿಗಳು. ಅವುಗಳಲ್ಲಿ ಎರಡು ಕಪ್ಪು ಮೋಲಿಗಳು ಹಿಂದಿನ ವಾರ ಬಂದಂಥವು. ಹೊಸ ಮೀನನ್ನು ಕೆಲವು ದಿನ ಬೇರೆ ಇಡಬೇಕೆಂದು ಗೊತ್ತಿದ್ದೂ ಸೋಮಾರಿತನದಿಂದ ನೇರ ತೊಟ್ಟಿಗೇ ಬಿಟ್ಟಿದ್ದೆ. ಈಗ ಅವುಗಳ ರೆಕ್ಕೆ, ಬಾಲದ ತುಂಬ ಬಿಳಿ ಚುಕ್ಕೆ. ಮೈ ತುರಿಸುವಂತೆ ಕಲ್ಲಿಗೆ ಉಜ್ಜಿಕೊಳ್ಳುತ್ತಿದ್ದವು.

ಮೀನಿನಂಗಡಿಯಿಂದ ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧಿ ತಂದು ಹನಿ ಹಾಕಿದೆ. ಆರೇಳು ದಿನಕ್ಕೆ ಚುಕ್ಕೆಗಳು ಮಾಯವಾದವು. ಗೆದ್ದೆ ಅಂದುಕೊಂಡು ಔಷಧಿ ನಿಲ್ಲಿಸಿದೆ. ಮುಂದಿನ ವಾರ ಎಲ್ಲ ಮೀನುಗಳ ಮೇಲೂ ಚುಕ್ಕೆ. ಒಂದೇ ರಾತ್ರಿಯಲ್ಲಿ ಮೂರು ಸತ್ತವು. ಮಗಳು ಅವನ್ನು ತುಳಸಿ ಕುಂಡದ ಪಕ್ಕದ ಕುಂಡದಲ್ಲಿ ಹೂತಳು. ನನ್ನ ಹತ್ತಿರ ಮಾತಾಡಲಿಲ್ಲ.

ಆ ರಾತ್ರಿ ಓದಲು ಕೂತೆ. 1869ರಲ್ಲಿ ಹಿಲ್ಗೆನ್‌ಡಾರ್ಫ್ ಮತ್ತು ಪಾಲಿಕಿ ಎಂಬಿಬ್ಬರು ಹ್ಯಾಂಬರ್ಗಿನ ಪ್ರಾಣಿ ಸಂಗ್ರಹಾಲಯದ ಮೀನುಗಳ ಚರ್ಮದಲ್ಲಿ ಈ ಪರಾವಲಂಬಿಯನ್ನು ಕಂಡು ಬರೆದರು. 1876ರಲ್ಲಿ ಫ್ರಾನ್ಸಿನ ಫೂಕೆ ಅದಕ್ಕೆ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂದು ಹೆಸರಿಟ್ಟ. ಬಹಳ ಮಕ್ಕಳ ಮೀನಿನ ಹೇನು ಎಂದು ಅರ್ಥ. ಅದು ಹೇನಲ್ಲ, ಮೈತುಂಬ ಸೂಕ್ಷ್ಮ ರೋಮಗಳಿರುವ ಒಂದೇ ಕೋಶದ ಜೀವಿ. ಮಕ್ಕಳ ವಿಷಯದಲ್ಲಿ ಮಾತ್ರ ಫೂಕೆ ಉತ್ಪ್ರೇಕ್ಷೆ ಮಾಡಲಿಲ್ಲ. ಚರ್ಮದ ಪದರದ ಅಡಿಯಲ್ಲಿ ತಿಂದು ಕೊಬ್ಬಿ, ಒಂದು ದಿನ ಮೀನನ್ನು ಬಿಟ್ಟು ಕೆಳಗಿಳಿಯುತ್ತದೆ. ಕಲ್ಲಿಗೋ ಗಾಜಿಗೋ ಅಂಟಿ, ಸುತ್ತ ಕೋಶ ಕಟ್ಟಿಕೊಂಡು, ಒಳಗೆ ಒಡೆಯುತ್ತ ನೂರಾರು ಮರಿಗಳಾಗುತ್ತದೆ. ಕೆಲವೊಮ್ಮೆ ಸಾವಿರ. ಈ ಮರಿಗಳು ಒಂದೆರಡು ದಿನದೊಳಗೆ ಇನ್ನೊಂದು ಮೀನನ್ನು ಹಿಡಿಯಬೇಕು, ಇಲ್ಲವೇ ಸಾಯಬೇಕು.

ಔಷಧಿ ತಾಗುವುದು ಈಜಾಡುವ ಈ ಮರಿಗಳಿಗೆ ಮಾತ್ರ. ಚರ್ಮದ ಅಡಿಯಲ್ಲಿರುವಾಗಲೂ ಕೋಶದೊಳಗಿರುವಾಗಲೂ ಅದಕ್ಕೆ ರಕ್ಷಣೆ. ಚುಕ್ಕೆ ಮಾಯವಾದ ದಿನ ರೋಗ ಹೋಗಿರಲಿಲ್ಲ, ಮೀನಿನಿಂದ ಇಳಿದು ತಳದ ಕಲ್ಲುಗಳ ನಡುವೆ ಹೆರುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ನಾನು ಬಾಟಲಿಯ ಮುಚ್ಚಳ ಹಾಕಿದ್ದೆ.

ಆ ಬಾಟಲಿಯ ಕಥೆಯೂ 1876ರದೇ. ಜರ್ಮನಿಯಲ್ಲಿ ಹೈನ್‌ರಿಖ್ ಕಾರೊ ಹತ್ತಿಬಟ್ಟೆಗೆ ಬಣ್ಣ ಕಟ್ಟಲೆಂದು ಮೆಥಿಲೀನ್ ಬ್ಲೂ ತಯಾರಿಸಿದ್ದು ಆ ವರ್ಷ. 1891ರಲ್ಲಿ ಪೌಲ್ ಎರ್ಲಿಖ್ ಮತ್ತು ಗುಟ್‌ಮನ್ ಬರ್ಲಿನ್ನಿನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಇದನ್ನೇ ಕೊಟ್ಟು ನೋಡಿದರು. ಬಣ್ಣದ ಕಾರ್ಖಾನೆಯ ಸರಕು ಮನುಷ್ಯನ ಪರಾವಲಂಬಿಯನ್ನು ದಾಟಿ ಕಡೆಗೆ ನಮ್ಮ ಮೋಲಿಗಳವರೆಗೆ ಬಂದಿತ್ತು.

ಮಲೇರಿಯಾ ಎಂದಾಗ ನೆನಪಾಗುವ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲೇ ಸೇನಾ ವೈದ್ಯನಾಗಿದ್ದ. ತನ್ನ ಬಂಗಲೆಯಲ್ಲಿ ಸೊಳ್ಳೆ ಜಾಸ್ತಿ ಯಾಕೆಂದು ಹುಡುಕಿದಾಗ, ಕಿಟಕಿಯ ಹೊರಗಿನ ತೊಟ್ಟಿಯ ನೀರಿನಲ್ಲಿ ಮರಿಗಳು ಸಿಕ್ಕವು. ತೊಟ್ಟಿ ಮಗುಚಿದ, ಸೊಳ್ಳೆ ಕಡಿಮೆಯಾಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ಅವನು ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ, ಹದಿನಾಲ್ಕು ವರ್ಷ ಆದಮೇಲೆ. ಕಚ್ಚುವ ಸೊಳ್ಳೆಯ ಹಿಂದೆ ಓಡದೆ ಅದು ನೀರಿನಲ್ಲಿರುವಾಗಲೇ ಹಿಡಿಯುವ ಉಪಾಯ ಮಾತ್ರ ಇಲ್ಲೇ ಹೊಳೆದಿತ್ತು.

ನಾನು ತೊಟ್ಟಿ ಮಗುಚುವಂತಿರಲಿಲ್ಲ, ಒಳಗೆ ಮೀನುಗಳಿದ್ದವಲ್ಲ. ಹೀಟರ್ ತಂದು ಎರಡು ದಿನದಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿದೆ. ಚಳಿಯಲ್ಲಿ ವಾರಗಟ್ಟಲೆ ಎಳೆಯುವ ಈ ಜೀವಿಯ ಚಕ್ರ ಬಿಸಿಯಲ್ಲಿ ಕೆಲವೇ ದಿನಕ್ಕೆ ಮುಗಿಯುತ್ತದೆ; ಮರಿಗಳು ಬೇಗ ಹೊರಬಿದ್ದು ಬೇಗ ಸಿಗುತ್ತವೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಗಾಳಿ ಪಂಪು ಹಗಲೂ ರಾತ್ರಿ ಓಡಿತು. ಲೀಟರಿಗೆ 2 ಗ್ರಾಮ್ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಹಾಕಿದೆ. ಮೋಲಿಗಳಿಗೆ ಉಪ್ಪು ಒಗ್ಗುತ್ತದೆ. ದಿನವೂ ಪೈಪಿನಲ್ಲಿ ತಳದ ಕೊಳೆ ಎಳೆದು, ಹಿಂದಿನ ದಿನ ಹಿಡಿದು ಕ್ಲೋರಿನ್ ತೆಗೆದಿಟ್ಟ ಕಾವೇರಿ ನೀರಿಗೆ ಉಪ್ಪು ಬೆರೆಸಿ ತುಂಬಿದೆ.

ಮೊದಲ ವಾರ ಇನ್ನೂ ಮೂರು ಹೋದವು. ಹನ್ನೊಂದನೆಯ ದಿನ ಒಂದು ಚುಕ್ಕೆಯೂ ಇರಲಿಲ್ಲ. "ಈಗ ನಿಲ್ಲಿಸ್ಬೇಡ" ಎಂದಳು ಮಗಳು. ಇನ್ನೂ ಎರಡು ವಾರ ಮುಂದುವರಿಸಿದೆ. ಉಳಿದದ್ದು ಐದು, ಅವುಗಳಲ್ಲಿ ಒಂದು, ರೋಗ ತಂದ ಆ ಕಪ್ಪು ಮೋಲಿ.

ಈಗ ನಮ್ಮ ಬಚ್ಚಲಿನಲ್ಲಿ ಒಂದು ಹಸಿರು ಬಕೆಟ್ ಇದೆ. ಹೊಸ ಮೀನು ಬಂದರೆ ಮೂರು ವಾರ ಅಲ್ಲೇ ವಾಸ. ದಿನ ಎಣಿಸುವ ಕ್ಯಾಲೆಂಡರ್ ಮಗಳ ಕೈಯಲ್ಲಿದೆ.