ರಂಗ

‘ರಂಗ’ ಪದದ ಮೂಲ ಸಂಸ್ಕೃತದ ‘ರಂಜ್’ ಧಾತು. ಬಣ್ಣವೇರು, ಕೆಂಪಾಗು, ಮನಸೋಲು ಎಂಬುವು ಅದರ ಅರ್ಥಗಳು. ‘ರಾಗ’, ‘ರಂಜನೆ’ ಇದೇ ಧಾತುವಿನವು. ಬಣ್ಣ ಮತ್ತು ಜನ ಸೇರಿ ನೋಡುವ ಕಣ, ಎರಡನ್ನೂ ಈ ಪದ ಸಂಸ್ಕೃತದಲ್ಲೇ ಸೂಚಿಸುತ್ತಿತ್ತು. ಭಾಗವತದಲ್ಲಿ ಕೃಷ್ಣ, ಚಾಣೂರರು ಸೆಣಸಿದ ಮಲ್ಲರ ಕಣವೂ ‘ರಂಗ’ವೇ.

ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಇವೂ ಉಮರಗಾ ತಾಲ್ಲೂಕೂ ಕನ್ನಡ, ಮರಾಠಿ ಬೆರೆತ ಸೀಮೆ; ಆದರೆ ‘ರಂಗ’ ಪದ ಈ ಎರಡು ಭಾಷೆಗಳಲ್ಲಿ ಬೇರೆ ಬೇರೆ ದಾರಿ ಹಿಡಿಯಿತು. ಮರಾಠಿಯಲ್ಲಿ ‘ರಂಗ’ ಎಂದರೆ ಮುಖ್ಯವಾಗಿ ಬಣ್ಣ; ಹೋಳಿಯ ನಂತರದ ರಂಗಪಂಚಮಿಯಲ್ಲಿರುವುದು ಆ ಅರ್ಥ. ಕನ್ನಡದಲ್ಲಿ ಬಣ್ಣಕ್ಕೆ ‘ರಂಗು’ ಬಳಕೆಯಾಗಿ, ‘ರಂಗ’ ವೇದಿಕೆಗೂ ಕ್ಷೇತ್ರಕ್ಕೂ ಉಳಿಯಿತು: ರಂಗಭೂಮಿ, ರಣರಂಗ.

ಕಸರತ್ತಿನ ಜಾಗಕ್ಕೆ ಹೆಸರಾಗಿ ಬಂದದ್ದು ಕಲಿಸುವಿಕೆ ಎಂಬರ್ಥದ ಅರಬ್ಬಿ ಪದ ‘ತಾಲೀಮು’. ಮರಾಠಿಯಲ್ಲಿ ಅದು ಗರಡಿಮನೆ. ಕನ್ನಡದಲ್ಲಿ ಅಂಗಸಾಧನೆಯೂ ಹೌದು, ನಾಟಕದ ಅಭ್ಯಾಸವೂ ಹೌದು. ಹೀಗೆ ‘ರಂಗ’, ‘ತಾಲೀಮು’ ಎರಡೂ ಮಲ್ಲರಿಗೂ ನಾಟಕಕ್ಕೂ ಸೇರಿದ ಪದಗಳು.

ಇಂದಿಗೂ ‘ರಂಗ’ ಕುಸ್ತಿಯನ್ನು ಪೂರ್ತಿ ಬಿಟ್ಟಿಲ್ಲ. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನ ಮೇಲೆ ಪಟ್ಟುಗಳು ಬಿಗಿಯಾದರೆ ಕನ್ನಡದವರು ಕುಸ್ತಿ ‘ರಂಗೇರಿತು’ ಎನ್ನುತ್ತಾರೆ, ಮರಾಠಿಯವರು ‘ರಂಗಲೀ’ ಎನ್ನುತ್ತಾರೆ.