ಜೀಪಿಗೆ ಬಾಗಿಲು ಬಂದ ಕಥೆ

ಜೀಪು ಹುಟ್ಟಿದಾಗ ಅದಕ್ಕೆ ಬಾಗಿಲೇ ಇರಲಿಲ್ಲ! 1941ರಲ್ಲಿ ಅಮೆರಿಕದ ಸೈನ್ಯಕ್ಕೆಂದು ತಯಾರಾದ ವಿಲ್ಲೀಸ್ ಎಂಬಿಯಿಂದ ಸೈನಿಕರು ಥಟ್ಟನೆ ಇಳಿಯಬೇಕಿತ್ತು. ಬೀಳದಿರಲು ಅಡ್ಡ ಒಂದು ಪಟ್ಟಿ ಇದ್ದರೆ ಸಾಕಿತ್ತು. 1940ರ ದಶಕದ ಕೊನೆಗೆ ಮಹೀಂದ್ರದವರು ಮುಂಬೈಯಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಜೀಪುಗಳೂ ಅದೇ ತಳಿಯವು.

ಆದರೆ ಮೂಡಿಗೆರೆ, ಕಳಸದ ಮಳೆಗೆ ಪಟ್ಟಿ ಸಾಕೇ? ಜೂನ್ ಬಂತೆಂದರೆ ಇಲ್ಲಿ ಗಾಳಿಮಳೆ ಅಡ್ಡಡ್ಡ ಹೊಡೆಯುತ್ತದೆ. ಹಾಗಾಗಿ ತೋಟದ ಜೀಪುಗಳಿಗೆ ಟಾರ್ಪಾಲಿನ ಪರದೆ ಬಂತು, ವರ್ಕ್‌ಶಾಪಿನವರು ತಗಡು ಬಡಿದು ಮಾಡಿದ ಬಾಗಿಲು ಬಂತು. ಕೈಕೆಲಸವಾದ್ದರಿಂದ ಒಂದು ಜೀಪಿನದು ಇನ್ನೊಂದಕ್ಕೆ ಸರಿಯಾಗಿ ಕೂರುವುದು ಅಪರೂಪ.

ಹಳೇ ಜೀಪನ್ನು ಹೊಸದು ಮಾಡುವ ಉತ್ಸಾಹದಲ್ಲಿ ಕೆಲವರು "ಇದು ಒರಿಜಿನಲ್ ಅಲ್ಲ" ಎಂದು ಆ ಬಾಗಿಲನ್ನು ಗುಜರಿಗೆ ಹಾಕುತ್ತಾರೆ. ನನಗಿದು ಸರಿ ಕಾಣುವುದಿಲ್ಲ. ಸೈನ್ಯದ ಗಾಡಿ ಕಾಫಿತೋಟದ ಗಾಡಿಯಾದದ್ದಕ್ಕೆ ಸಾಕ್ಷಿಯೇ ಆ ಬಾಗಿಲು ತಾನೆ?

ಉಳಿಸಿಕೊಳ್ಳುವುದು ಕಷ್ಟವೇನಲ್ಲ. ಮೊದಲು ತುಕ್ಕು ಹಿಡಿಯುವುದು ನೀರು ನಿಲ್ಲುವ ಕೆಳ ಅಂಚಿಗೆ. ಬೇಸಿಗೆಯಲ್ಲಿ ಅಂಗಳದಲ್ಲೇ ಬಾಗಿಲು ಬಿಚ್ಚಿ, ತುಕ್ಕು ಕೆರೆದು, ತಿಂದುಹೋದಷ್ಟನ್ನೇ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ರೆಡ್ ಆಕ್ಸೈಡ್ ಒಣಗಿದ ಮೇಲೆ ಬಣ್ಣ, ಆಮೇಲೆ ರಬ್ಬರ್ ಬೀಡಿಂಗ್. ಅಡಿಯಲ್ಲಿ ನೀರು ಇಳಿಯುವ ತೂತುಗಳನ್ನು ಮಾತ್ರ ಮುಚ್ಚಬೇಡಿ... ಮುಚ್ಚಿದರೆ ಮತ್ತೆ ಅಲ್ಲಿಂದಲೇ ತುಕ್ಕು ಶುರು.