ಗೆರೇನ್ ಬಾಯಿ ಮತ್ತ ಕಾಡಿನ ಹುಡುಗ

ಕಾಡಿನ್ಯಾಗ ಪ್ರಾಣಿಗೋಳ ಜೋಡಿ ಬೆಳದ ಹುಡುಗ ಅಂದ ಕೂಡ್ಲೆ ನಮಗ ನೆನಪಾಗೋದು ಮೊಗ್ಲಿ. ತೊಂಬತ್ತರ ದಶಕದಾಗ ರವಿವಾರ ಮುಂಜಾನೆ ದೂರದರ್ಶನದಾಗ 'ಜಂಗಲ್ ಬುಕ್' ಹತ್ತಿತು ಅಂದ್ರ ನಮ್ಮ ಓಣಿ ಹುಡುಗ್ರು ಜಳಕಾ ಬಿಟ್ಟು ಟಿವಿ ಮುಂದ ಕುಂಡ್ರತಿದ್ವು. ಕಿಪ್ಲಿಂಗನ ಪುಸ್ತಕ ಬಂದಿದ್ದು 1894ರಾಗ. ಕಥಿಯೊಳಗಿನ ಮೊಗ್ಲಿ ತೋಳ, ಕರಡಿ ಎಲ್ಲಾದರ ಜೋಡಿ ಛಂದಂಗ ಮಾತಾಡ್ತಾನ. ಖರೆ ಖರೆ ಕಾಡಿನಿಂದ ಬಂದ ಹುಡುಗನ ಬಾಳೇವು ಹಂಗ ಇರಲಿಲ್ಲ. ಆ ಪುಸ್ತಕಕ್ಕಿಂತ ತೊಂಬತ್ತನಾಲ್ಕು ವರ್ಷ ಮೊದಲ ಫ್ರಾನ್ಸ್ ದೇಶದಾಗ ಅಂಥವ ಒಬ್ಬ ಸಿಕ್ಕಿದ್ದ. ಅವನ ಇತಿಹಾಸ ಹೇಳೋರೆಲ್ಲಾ ಡಾಕ್ಟರ್ ಹೆಸರು ಹೇಳ್ತಾರ. ನಾನು ಇವತ್ತ ಅವಗ ಉಣ್ಣಾಕ ಹಾಕಿದಾಕಿ ಸುದ್ದಿ ಹೇಳ್ತೇನಿ.

1800ರ ಜನವರಿ, ಕೊರಿಯೋ ಥಂಡಿ. ದಕ್ಷಿಣ ಫ್ರಾನ್ಸಿನ ಅವೆರೋನ್ ಸೀಮಿಯ ಒಂದು ಹಳ್ಳಿಯೊಳಗ, ಬಣ್ಣಗಾರನೊಬ್ಬನ ಮನಿ ಹತ್ರ ಹನ್ನೆರಡು ವರ್ಷದವನಂಗ ಕಾಣೋ ಹುಡುಗ ಸಿಕ್ಕ. ಮೈಮ್ಯಾಲ ಹರಕ ಅಂಗಿ ಒಂದ. ಮಾತಿಲ್ಲ. ಮಾಂಸ ಕೊಟ್ರ ಮುಟ್ಟಲಿಲ್ಲ, ಬಟಾಟಿ ಕೊಟ್ರ ಒಲಿಯೊಳಗ ಒಗದು, ಬಿಸಿ ಬಿಸಿ ಇದ್ದಂಗನ ಕೈಲೆ ತಗದು ತಿಂದ. ತೋಳ ಸಾಕಿತ್ತು ಅಂತ ಇಂಥಾ ಹುಡುಗರ ಬಗ್ಗೆ ಮಂದಿ ಕಟ್ಟಿ ಹೇಳ್ತಾರ, ಆದ್ರ ಇವನ ವಿಷಯದಾಗ ಅಂಥಾ ಪುರಾವೆ ಏನೂ ಇಲ್ಲ. ಮೈತುಂಬ ಗಾಯದ ಕಲೆ ಇದ್ದವು. ಕುತ್ತಿಗಿ ಮ್ಯಾಲಿನ ಉದ್ದನ್ನ ಕಲೆ ಮಾತ್ರ ಚಾಕುವಿಂದು ಅಂತ ಡಾಕ್ಟರ್ ಅಂದಾಜು ಮಾಡಿದ. ಯಾರೋ ಕೊಲ್ಲಾಕ ನೋಡಿ ಕಾಡಿನ್ಯಾಗ ಬಿಟ್ಟು ಹೋಗಿರಬೇಕು. ಪ್ರಾಣಿಗೋಳು ಸಾಕಿರಲಿಕ್ಕಿಲ್ಲ, ಆದ್ರ ಕೊಂದಂತೂ ಇಲ್ಲ ನೋಡ್ರಿ.

ಅದ ವರ್ಷ ಆಗಸ್ಟಿನ್ಯಾಗ ಅವನ್ನ ಪ್ಯಾರಿಸ್ಸಿನ ಕಿವುಡ ಮೂಕ ಮಕ್ಕಳ ಸಂಸ್ಥೆಗೆ ತಂದ್ರು. ಜಾತ್ರಿಗೆ ಬಂದಂಗ ಮಂದಿ ನೋಡಾಕ ಬಂದ್ರು. ಅವ ಕಚ್ಚತಿದ್ದ, ಚೂರತಿದ್ದ, ಕುಂತಲ್ಲೇ ಹಿಂದ ಮುಂದ ತೂಗತಿದ್ದ. ಪಿನೆಲ್ ಅನ್ನೋ ಆಗಿನ ಕಾಲದ ದೊಡ್ಡ ವೈದ್ಯ, ಇವ ಹುಟ್ಟಾ ಬುದ್ಧಿ ಇಲ್ಲದವ, ಏನೂ ಕಲಿಯೂದಿಲ್ಲ ಅಂದ. ಇಪ್ಪತ್ತಾರು ವರ್ಷದ ಇಟಾರ್ ಅನ್ನೋ ಡಾಕ್ಟರ್ ಮಾತ್ರ ಕಲಸ್ತೇನಿ ಅಂತ ಕೈಹಾಕಿದ. 'ಓ' ಅನ್ನೋ ಸಪ್ಪಳಕ್ಕ ಹುಡುಗ ತಿರುಗಿ ನೋಡ್ತಿದ್ದ, ಅದಕ್ಕ ವಿಕ್ಟೋರ್ ಅಂತ ಹೆಸರಿಟ್ಟ. ಕಿವಿ ಹತ್ರ ಪಿಸ್ತೂಲ್ ಹಾರಿಸಿದ್ರ ಮೈ ಅಲುಗಾಡಸ್ತಿರಲಿಲ್ಲಂತ, ಹಿಂದ ನಿಂತು ಅಕ್ರೋಟ ಒಡದ್ರ ಮಾತ್ರ ಗಪ್ಪನ ತಿರುಗತಿದ್ದ! ಹೊಟ್ಟಿಗೆ ಬೇಕಾದ್ದು ಕಿವಿಗೆ ಕೇಳಸ್ತದ.

ಹುಡುಗನ್ನ ನೋಡ್ಕೊಳಿಕ್ಕೆ ನೇಮಿಸಿದಾಕಿ ಮದಾಮ್ ಗೆರೇನ್. ನಮ್ಮ ಕಡೆ ಆಗಿದ್ರ ಗೆರೇನ್ ಬಾಯಿ ಅಂತಿದ್ವಿ. ಜಳಕ, ಅರಿವಿ, ಊಟ, ಸಂಜಿಕೆ ತಿರುಗಾಡಸೋದು, ಎಲ್ಲಾ ಆಕೀದ. ಬಿಸಿನೀರ ಜಳಕದ ರುಚಿ ಹತ್ತಿದ ಮ್ಯಾಲ ನೀರಾಗ ಬಳ್ಳಿಟ್ಟು ನೋಡಿ, ತಣ್ಣಗಿದ್ರ ಅವ ಇಳೀತಿರಲಿಲ್ಲ. ಮಾತು ಕಲಸೋದು ಡಾಕ್ಟರಂದು. ಹಾಲಿಗೆ 'ಲೇ' ಅನ್ನೋದು ಹುಡುಗಗ ಬಂತು, ಆದ್ರ ಹಾಲು ಕಂಡ ಖುಷಿಗೆ ಅಂತಿದ್ದ, ಹಾಲು ಬೇಕಂತ ಕೇಳಾಕ ಅಲ್ಲ. ಅದಕ್ಕ ಡಾಕ್ಟರ್ ಬ್ಯಾಸರ ಮಾಡ್ಕೊಂಡ. ನಾವು ತಾಯಂದ್ರು ಆಗಿದ್ರ ಅಷ್ಟಕ್ಕ ಊರೆಲ್ಲಾ ಸಕ್ಕರಿ ಹಂಚತಿದ್ವಿ. ಮುಂದ ಒಂದಿನ ತಾನ ಆ ಶಬ್ದದ ಅಕ್ಷರಗೋಳನ್ನ ಕಿಸೆದಾಗ ಹಾಕ್ಕೊಂಡು ಹೋಗಿ, ದಿನಾ ಹಾಲು ಕೊಡೋರ ಮನಿ ಟೇಬಲ್ ಮ್ಯಾಲ ಜೋಡಿಸಿ ತೋರಿಸಿದ. ಗೆರೇನ್ ಬಾಯಿ ಮಾತಿಗೊಮ್ಮೆ 'ಓ ದ್ಯೂ' ಅಂತಿದ್ಲು, ನಮ್ಮ 'ಅಯ್ಯ ದೇವ್ರ' ಇದ್ದಂಗ. ಅದನ್ನ ಯಾರೂ ಕಲಸದ ಕಲತ.

ಒಮ್ಮೆ ಪಾಠಕ್ಕ ಹಟಾ ಮಾಡ್ತಾನಂತ ಇಟಾರ್ ಅವನ್ನ ಹಿಡದು ನಾಲ್ಕನೇ ಮಜಲಿನ ಕಿಟಕಿಯಿಂದ ತಲಿ ಕೆಳಗ ಮಾಡಿ ಹೊರಗ ಹಿಡದ. ಹೆದರಿದ ಹುಡುಗ ಪಾಠದ ಸಾಮಾನು ಎತ್ತಿ ಇಟ್ಟು, ಹಾಸಿಗಿ ಮ್ಯಾಲ ಬಿದ್ದು ಅತ್ತ. ಡಾಕ್ಟರ್ ಇದನ್ನ ತಾನ ಬರದಿಟ್ಟಾನ. ಎಷ್ಟ ಒಳ್ಳೆಯವ ಅಂದ್ರೂ ಇದನ್ನ ನಾ ಕ್ಷಮಿಸೂದಿಲ್ಲ.

ಕಾಡು ಅವನ ಮನಸಿನಿಂದ ಹೋಗಿರಲಿಲ್ಲ. ಹಿಮ ಬಿದ್ದ ಮುಂಜಾನೆ ಅರ್ಧಾ ಅರಿವಿಯೊಳಗ ತ್ವಾಟಕ್ಕ ಓಡಿ, ಹಿಮದಾಗ ಉಳ್ಳಾಡಿ, ಬೊಗಸಿಲೆ ತಿಂತಿದ್ದ. ಊಟ ಆದಮ್ಯಾಲ ನೀರಿನ ಗ್ಲಾಸು ಹಿಡಕೊಂಡು ಕಿಟಕಿಗೆ ಹೋಗಿ, ಹೊರಗ ನೋಡ್ಕೋತ ಒಂದೊಂದ ಗುಟುಕು ಕುಡೀತಿದ್ದ. ಒಮ್ಮೆ ಓಡಿ ಹೋಗೇ ಬಿಟ್ಟ. ಸೆನ್ಲಿಸ್ ಊರ ಹತ್ರ ಹಿಡದು ಪ್ಯಾರಿಸ್ಸಿನ ಜೇಲಿನ್ಯಾಗ ಇಟ್ಟಿದ್ರು. ಗೆರೇನ್ ಬಾಯಿ ಕರಕೊಂಡು ಬರಾಕ ಹೋದ್ರ, ಆಕಿನ್ನ ಕಂಡವನ ಬಿಳಚಿ ಎಚ್ಚರ ತಪ್ಪಿ ಬಿದ್ದ. ಆಕಿ ತೆಕ್ಕಿಗೆ ಹಾಕ್ಕೊಂಡ ಮ್ಯಾಲ ಎಚ್ಚರಾಗಿ ಖುಷಿಯಿಂದ ಚೀರಿದ.

ನನಗ ಎಲ್ಲಾಕ್ಕಿಂತ ಹೆಚ್ಚು ಮನಸಿಗೆ ಹತ್ತಿದ್ದು ತಾಟಿನ ಸುದ್ದಿ. ಊಟಕ್ಕ ತಾಟು ಇಡೋದು ವಿಕ್ಟೋರನ ಕೆಲಸ ಇತ್ತು. ಗೆರೇನ್ ಬಾಯಿ ಗಂಡ ಜಡ್ಡು ಬಿದ್ದು ತೀರಿಕೊಂಡ. ಹುಡುಗ ರೂಢಿ ಪ್ರಕಾರ ಅವನ ತಾಟನ್ನೂ ಇಟ್ಟ. ಅದನ್ನ ನೋಡಿ ಆಕಿ ದುಃಖ ಉಕ್ಕಿ ಬಂತು. ವಿಕ್ಟೋರ್ ಆಕಿ ಮಾರಿ ನೋಡಿದ, ಸಾವಕಾಶ ಆ ತಾಟು ಎತ್ತಿ ಕಪಾಟಿನ್ಯಾಗ ಇಟ್ಟ. ಮುಂದ ಯಾವತ್ತೂ ಅದನ್ನ ತಗೀಲಿಲ್ಲ. ಹುಟ್ಟಾ ಬುದ್ಧಿ ಇಲ್ಲದವ ಅಂದಿದ್ರಲ್ಲ, ಅವನ.

ಇಟಾರ್ 1801ರಾಗ ಒಂದು, 1806ರಾಗ ಇನ್ನೊಂದು ವರದಿ ಬರದ. ಮಾತು ಬರಲಿಲ್ಲಂತ ಪಾಠ ನಿಂತವು. ಆದ್ರ ಅವ ಮಾಡಿದ ಪಾಠದ ದಾರಿ ವ್ಯರ್ಥ ಆಗಲಿಲ್ಲ. ಮಾರಿಯಾ ಮಾಂಟೆಸ್ಸೊರಿ ಆ ಬರಹಗಳನ್ನ ಕೈಯಾರೆ ನಕಲು ಮಾಡ್ಕೊಂಡು ಓದ್ಯಾಳ. ನಮ್ಮ ಮೊಮ್ಮಕ್ಕಳು ಮಾಂಟೆಸ್ಸೊರಿ ಸಾಲ್ಯಾಗ ಉಸುಕಿನ ಕಾಗದದ ಅಕ್ಷರದ ಮ್ಯಾಲ ಬಳ್ಳಾಡಸ್ತಾವಲ್ಲ, ಅದರ ಬೇರು ಈ ಹುಡುಗನ ಖೋಲಿಯೊಳಗ ಅದ.

1811ರಾಗ ವಿಕ್ಟೋರನ್ನ ಸಂಸ್ಥೆಯಿಂದ ಹೊರಗ ಕಳಿಸಿದ್ರು. ಗೆರೇನ್ ಬಾಯಿ ಹತ್ರದ್ದ ಫುಯಾಂಟೀನ್ ಓಣ್ಯಾಗಿನ ಮನಿಗೆ ಕರಕೊಂಡು ಹೋದಳು. ಸರ್ಕಾರ ಆಕಿಗೆ ವರ್ಷಕ್ಕ 150 ಫ್ರ್ಯಾಂಕ್ ಕೊಡ್ತಿತ್ತು. ಇಟಾರ್ ಮುಂದ ಅವನ ಮ್ಯಾಲ ವರದಿ ಬರೀಲಿಲ್ಲ. ಹದಿನೇಳು ವರ್ಷ ಅವ ಅದ ಮನ್ಯಾಗ ಇದ್ದ. 1828ರಾಗ ಅಲ್ಲೇ ತೀರಿಕೊಂಡಾಗ ಸುಮಾರು ನಲವತ್ತು ವರ್ಷದವ ಇರಬೇಕು.